21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ: ನಾಕು ವರ್ಷದ ಮ್ಯಾಲ ಒಂದು ರಿವ್ಯೂ, ಬಾಗಲಕೋಟಿಯಿಂದ

ಬಾಗಲಕೋಟಿ ನವನಗರದಾಗ ಒಂದು ಸಣ್ಣ ಮಕ್ಕಳ ದವಾಖಾನಿ ಐತಿ, ಕೆಳಗ ಮೆಡಿಕಲ್ ಅಂಗಡಿ, ಮ್ಯಾಲ ಎರಡು ರೂಮು ಅಷ್ಟ. ನಾಕು ವರ್ಷದಿಂದ 21 ದಿನಕ್ಕೊಮ್ಮೆ ನಾವು ಮಗಳನ್ನ ಕರ್ಕೊಂಡು ಗುಳೇದಗುಡ್ಡದಿಂದ ಬಸ್ ಹತ್ತಿ ಅಲ್ಲಿಗೆ ಹೋಗಾಕತ್ತೀವಿ, ಇಲ್ಲೀತನಕ 68 ಸೂಜಿ ಆಗ್ಯಾವ, ಎಲ್ಲಾ ತಾರೀಖು ಒಂದು ನೋಟ್‌ಬುಕ್ಕಿನಾಗ ಬರ್ದಿಟ್ಟೀನಿ. ಹೆಸರು ಬರಿಯಂಗಿಲ್ಲ, ಡಾಕ್ಟರಿಗೆ ಕೇಳಿದ್ದೆ, ಹೆಸರು ಬ್ಯಾಡ, ಜಡ್ಡಿನ ಬಗ್ಗೆ ಬರೀರಿ, ಅದರಿಂದ ನಾಕು ಮಂದಿಗೆ ಉಪಯೋಗ ಆಗ್ಲಿ ಅಂದ್ರು. ಹಂಗಾಗಿ ಇದು ಆ ದವಾಖಾನಿ ರಿವ್ಯೂನೂ ಹೌದು, ಅಲ್ಲಿ ಕೊಡೋ ಆ ಒಂದು ಸೂಜಿ ರಿವ್ಯೂನೂ ಹೌದು. ಜಡ್ಡಿನ ಹೆಸರು ರುಮ್ಯಾಟಿಕ್ ಫೀವರ್. ನಮ್ಮ ಕಡೆ ಇದನ್ನ ಕೀಲುವಾತದ ಜ್ವರ, ಸಂಧಿವಾತದ ಜ್ವರ ಅಂತ ಅಂತಾರ, ಆದ್ರ ಮುದುಕರಿಗೆ ಬರೋ ಸಂಧಿವಾತನ ಬ್ಯಾರೆ, ಇದು ಬ್ಯಾರೆ, ಇದು ಬರೂದು ಹೆಚ್ಚಾಗಿ 5 ರಿಂದ 15 ವರ್ಷದ ಮಕ್ಕಳಿಗೆ.

ಮೊದಲ ಏನಾತು ಅಂತ ಹೇಳ್ತೀನಿ, ಯಾಕಂದ್ರ ಯಾರರ ಮನ್ಯಾಗ ಹಿಂಗ ಆಗಾಕತ್ತಿದ್ರ ಗುರುತು ಸಿಗ್ಲಿ.

ಮಗಳಿಗೆ ಆಗ 9 ವರ್ಷ. ಪಂಚಮಿ ಇನ್ನೂ ಎರಡು ಮೂರು ವಾರ ಇತ್ತು, ಮಳಿ ಹಿಡಿದಿತ್ತು, ಆಕಿಗೆ ಗಂಟಲ ಬ್ಯಾನಿ ಬಂತು, ನುಂಗಾಕ ಆಗ್ವಲ್ದು ಅಂತಿದ್ಲು, ಜ್ವರ ಬಂತು, ಕೆಮ್ಮಿಲ್ಲ ನೆಗಡಿಲ್ಲ. ಬಿಸಿನೀರು ಉಪ್ಪು ಬಾಯಿ ಮುಕ್ಕಳಿಸಿಸಿದ್ವಿ, ಮೆಡಿಕಲ್‌ನಾಗ ಜ್ವರದ ಗುಳಿಗಿ ತಂದ್ವಿ, ನಾಕು ದಿನಕ್ಕ ಆರಾಮಾದ್ಲು, ಮರ್ತಬಿಟ್ವಿ. ಪಂಚಮಿ ದಿನ ಜೋಕಾಲಿ ಕಟ್ಟಿದ್ವಿ, ಓಣಿ ಹುಡುಗ್ರೆಲ್ಲಾ ಜೀಕಾಕತ್ತಿದ್ರು, ಇಕಿ ಕಟ್ಟಿ ಮ್ಯಾಲ ಕುಂತಾಕಿ ಏಳ್ಲೇ ಇಲ್ಲ. ಯಾಕವ್ವಾ ಅಂದ್ರ ಮೊಣಕಾಲು ತೋರ್ಸಿದ್ಲು. ಕೈ ಇಟ್ಟು ನೋಡಿದ್ರ ಕಾಸಿದ ತವಾದಂಗ ಸುಡಾಕತ್ತಿತ್ತು, ಬಾತಿತ್ತು, ನನ್ನ ಬೆರಳು ತಾಕಿದ್ದಕ್ಕ ಚೀರಿಬಿಟ್ಲು. ಮರುದಿನ ಮುಂಜಾನಿ ನೋಡಿದ್ರ ಆ ಮೊಣಕಾಲು ಇಳದೈತಿ, ಇನ್ನೊಂದು ಕಾಲಿನ ಹಿಮ್ಮಡಿ ಮ್ಯಾಲಿನ ಗಂಟು ಬಾತೈತಿ. ಎರಡು ದಿನ ಬಿಟ್ಟು ಅದೂ ಇಳೀತು, ಮಣಿಕಟ್ಟಿಗೆ ಬಂತು. ನಮ್ಮವ್ವ ಅಂದ್ಲು, ಬ್ಯಾನಿ ಮೈಯಾಗ ಅಡ್ಡಾಡಾಕತ್ತೈತಿ, ಯಾರದೋ ದೃಷ್ಟಿ ಆಗೈತಿ ಅಂತ. ದೃಷ್ಟಿ ತಗದ್ಲು, ಎಣ್ಣಿ ಬಿಸಿ ಮಾಡಿ ತಿಕ್ಕಿದ್ಲು. ಅವ್ವನ ತಪ್ಪು ಅನ್ನಂಗಿಲ್ಲ, ಆಕಿ ಮೊಮ್ಮಗಳ ಕಾಲು ಹಿಡ್ಕೊಂಡು ರಾತ್ರಿಯೆಲ್ಲಾ ಕುಂತಾಕಿ.

ತಪ್ಪಾಗಿದ್ದು ಆಮ್ಯಾಲ. ಒಂದು ಕಡೆ ತೋರ್ಸಿದ್ವಿ, ಊರು ಹೆಸರು ಎರಡೂ ಬ್ಯಾಡ, ಅವರು ಬೆಳೆಯೋ ಮಕ್ಕಳಿಗೆ ಹಿಂಗ ಕಾಲು ನೋಯ್ತಾವ ಅಂತ ಹೇಳಿ ನೋವಿನ ಗುಳಿಗಿ ಕೊಟ್ಟು ಕಳ್ಸಿದ್ರು. ಎದಿ ಮ್ಯಾಲ ಸ್ಟೆತಸ್ಕೋಪ್ ಇಟ್ಟು ನೋಡ್ಲಿಲ್ಲ. ಗುಳಿಗಿ ತಗೊಂಡಮ್ಯಾಲ ಬ್ಯಾನಿ ಮಂಗಮಾಯ, ನಾವು ಖುಷಿ ಆದ್ವಿ. ಈಗ ಗೊತ್ತಾಗೈತಿ, ಈ ಜಡ್ಡಿನಾಗ ಅದ ದೊಡ್ಡ ಮೋಸ. ಕೀಲಿನ ಬ್ಯಾನಿ ನೋವಿನ ಗುಳಿಗಿಗೆ ಲಗೂನ ಇಳೀತೈತಿ, ಇಳಿದಮ್ಯಾಲ ಯಾರೂ ಮುಂದಿನ ಟೆಸ್ಟ್ ಮಾಡ್ಸಂಗಿಲ್ಲ, ಒಳಗ ಎದಿ ಕೆಡಸೋ ಕೆಲಸ ನಡದಿರ್ತೈತಿ. ಡಾಕ್ಟರ ಮಂದಿಯೊಳಗ ಹಳೇ ಮಾತೊಂದು ಐತಂತ, ಈ ಜ್ವರ ಕೀಲು ನೆಕ್ಕಿ ಬಿಡ್ತೈತಿ, ಎದಿಗೆ ಮಾತ್ರ ಕಚ್ಚತೈತಿ ಅಂತ. ಕೀಲಿಗೆ ಏನೂ ಉಳಿಯಂಗಿಲ್ಲ, ಹೃದಯದ ವಾಲ್ವಿಗೆ, ಅಂದ್ರ ರಕ್ತ ಒಂದ ಕಡೆ ಬಿಡೋ ಬಾಗಲಾಕ್ಕ, ಆಗಿದ್ದು ಉಳೀತೈತಿ.

ಹತ್ತು ದಿನ ಆದಮ್ಯಾಲ ಮಗಳು ಮೆಟ್ಲ ಹತ್ತಿದ್ರ ಏದುಸಿರು ಬಿಡಾಕತ್ತಿದ್ಲು, ಮಾರಿ ಬೆಳ್ಳಗ ಆಗಿತ್ತು. ನಮ್ಮ ನೂಲು ಕೊಡೋ ಸಾಹುಕಾರ್ರು ಈ ನವನಗರದ ದವಾಖಾನಿ ಹೇಳಿದ್ರು, ಹೋದ್ವಿ. ಈ ದವಾಖಾನಿಗೆ ನಾ ಕೊಡೋ ಮೊದಲನೇ ಸ್ಟಾರ್ ಡಾಕ್ಟರು ಕೇಳಿದ ಒಂದ ಒಂದು ಪ್ರಶ್ನೆಕ್ಕ. ಕಾಲು ನೋಡಿದ ಕೂಡ್ಲೇ ಗುಳಿಗಿ ಬರಿಲಿಲ್ಲ, ಮಗಳ ಮಾರಿ ನೋಡಿ ಕೇಳಿದ್ರು, ಕಾಲು ನೋಯೋ ಮುಂಚೆ ಮೂರು ನಾಕು ವಾರದ ಹಿಂದ ಗಂಟಲ ಬ್ಯಾನಿ ಬಂದಿತ್ತೇನವ್ವಾ? ನಾವಿಬ್ರೂ ಗಂಡ ಹೆಂಡ್ತಿ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಗಂಟಲಿಗೂ ಮೊಣಕಾಲಿಗೂ ಏನ್ರಿ ಸಂಬಂಧ ಅಂತ ನಾ ಕೇಳಿದ್ದು ಇನ್ನೂ ನೆನಪೈತಿ.

ಸಂಬಂಧ ಹಿಂಗ ಐತಿ. ಗಂಟಲ ಬ್ಯಾನಿ ಬಹುತೇಕ ವೈರಸ್ಸಿಂದ ಬರ್ತೈತಿ, ತಾನ ಹೋಗ್ತೈತಿ. ಆದ್ರ ಕೆಲವು ಸಲ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಬರ್ತೈತಿ. ಅದನ್ನ ಹೊಡಿಯಾಕ ನಮ್ಮ ಮೈ ಒಳಗ ಆಂಟಿಬಾಡಿ ತಯಾರಾಗ್ತಾವ. ಡಾಕ್ಟರಿಗೆ ನಾವು ಖಣ ನೇಯೋ ಮಂದಿ ಅಂತ ಗೊತ್ತಾಗಿತ್ತು, ಅದಕ್ಕ ನಮಗ ತಿಳಿಯಂಗ ಹೇಳಿದ್ರು, ನಿಮ್ಮ ಖಣದಾಗ ತೇರಿನ ಚಿತ್ತಾರ ಇರ್ತೈತಲ್ರಿ, ಬ್ಯಾರೆ ಯಾರೋ ನೇಯ್ದ ಬಟ್ಟಿ ಮ್ಯಾಲೂ ಅದ ತೇರು ಇದ್ರ ದೂರಿಂದ ನೋಡಿದವ್ರು ಎರಡೂ ಒಂದ ಅಂತಾರ, ಹಂಗ ಆ ಬ್ಯಾಕ್ಟೀರಿಯಾ ಮೈ ಮ್ಯಾಲಿನ ಪ್ರೋಟೀನ್ ನಮ್ಮ ಹೃದಯದ ವಾಲ್ವ್, ಕೀಲು, ಮೆದುಳಿನ ಕೆಲವು ಭಾಗದ ಪ್ರೋಟೀನಿಗೆ ಹೋಲ್ತೈತಿ, ಆಂಟಿಬಾಡಿ ಗುರುತು ತಪ್ಪಿ ನಮ್ಮ ಮೈನ ಹೊಡಿಯಾಕ ಸುರು ಮಾಡ್ತಾವ ಅಂತ. ಎರಡು ಮೂರು ವಾರ ಬಿಟ್ಟು ಬರೂದು ಅದಕ್ಕ, ಗಂಟಲ ಆರಾಮಾಗಿರ್ತೈತಿ, ಜನ ಮರ್ತಿರ್ತಾರ. ಅವತ್ತು ನಾ ಮನಿಗೆ ಬಂದು ಮಗ್ಗದ ಮುಂದ ಕುಂತು ಆ ತೇರು ನೋಡ್ಕೋತ ಭಾಳ ಹೊತ್ತು ಸುಮ್ಮನ ಕುಂತಿದ್ದೆ.

ಟೆಸ್ಟ್ ಏನೇನು ಮಾಡ್ಸಿದ್ರು ಅಂದ್ರ ರಕ್ತದಾಗ ಮೈಯಾಗ ಬಾವು ಐತೇನಂತ ತೋರ್ಸೋ ಇಎಸ್‌ಆರ್, ಸಿಆರ್‌ಪಿ, ಆ ಬ್ಯಾಕ್ಟೀರಿಯಾದ ಆಂಟಿಬಾಡಿ ಅಳಿಯೋ ಎಎಸ್‌ಒ, ಆಮ್ಯಾಲ ಇಸಿಜಿ, ಎದಿ ಎಕೋ ಅಂದ್ರ ಹೃದಯದ ಸ್ಕ್ಯಾನ್. ಇಲ್ಲೊಂದು ವಿಷಯ ಎಲ್ಲಾ ತಂದಿ ತಾಯಿ ತಿಳ್ಕೋಬೇಕು. ಈ ಜಡ್ಡಿಗೆ ಒಂದ ಒಂದು ಟೆಸ್ಟ್ ಅಂತ ಇಲ್ಲ. 1944ರಾಗ ಜೋನ್ಸ್ ಅನ್ನೋ ಅಮೆರಿಕದ ಡಾಕ್ಟರು ಒಂದು ಪಟ್ಟಿ ಮಾಡಿದ್ರಂತ, ಅದನ್ನ ಆಗಾಗ ತಿದ್ದಿ 2015ರಾಗ ಮತ್ತ ಹೊಸದು ಮಾಡ್ಯಾರ, ಇವತ್ತಿಗೂ ಅದರ ಮ್ಯಾಲ ಜಡ್ಡು ನಿರ್ಧಾರ ಮಾಡ್ತಾರ. ದೊಡ್ಡ ಲಕ್ಷಣ ಐದು, ಎದಿ ಬಾವು ಅಂದ್ರ ಹೃದಯದ ಬಾವು, ಕೀಲಿಂದ ಕೀಲಿಗೆ ಹೋಗೋ ಬಾವು, ತಾನಾಗಿ ಕೈಕಾಲು ಕುಣಿಯೂದು, ಮೈಮ್ಯಾಲ ಬಳಿ ಥರ ಕೆಂಪು ಗೆರಿ, ಚರ್ಮದ ಕೆಳಗ ನೋವಿಲ್ಲದ ಸಣ್ಣ ಗಂಟು. ಜ್ವರ, ಇಎಸ್‌ಆರ್ ಏರೂದು, ಇಸಿಜಿ ಬದಲಾಗೂದು ಇವು ಸಣ್ಣ ಲಕ್ಷಣ. ಎರಡು ದೊಡ್ಡವು, ಇಲ್ಲಾ ಒಂದು ದೊಡ್ಡದು ಎರಡು ಸಣ್ಣವು, ಜೋಡಿಗೆ ಗಂಟಲ ಸೋಂಕು ಆಗಿತ್ತು ಅನ್ನೋ ಪುರಾವೆ ಬೇಕು. ಬರೀ ಎಎಸ್‌ಒ ಹೆಚ್ಚು ಬಂತು ಅಂದ್ರ ಮೊನ್ನೆ ಮೊನ್ನೆ ಆ ಬ್ಯಾಕ್ಟೀರಿಯಾ ಬಂದು ಹೋಗೈತಿ ಅಂತ ಅಷ್ಟ ಅರ್ಥ, ಜಡ್ಡು ಐತಿ ಅಂತ ಅಲ್ಲ. ಆದ್ರ ಆ ಒಂದು ಕಾಗದ ನೋಡಿ ವರ್ಷಾನುಗಟ್ಟಲೆ ಸೂಜಿ ಮಾಡ್ಸಿಕೊಂಡ ಮಕ್ಕಳನ್ನ ನಾ ಈ ದವಾಖಾನಿ ಬೆಂಚಿನ ಮ್ಯಾಲ ನೋಡೀನಿ, ಇಲ್ಲಿ ಬಂದಮ್ಯಾಲ ಡಾಕ್ಟರು ಎಕೋ ಮಾಡ್ಸಿ, ಎಲ್ಲಾ ಕೂಡ್ಸಿ ನೋಡಿ, ಬ್ಯಾಡ ಅಂತ ನಿಲ್ಸಿದ್ರು. ಸೂಜಿ ಕೊಟ್ರ ರೊಕ್ಕ ಬರ್ತಿತ್ತು, ನಿಲ್ಸಿದ್ರು. ಎರಡನೇ ಸ್ಟಾರ್ ಅದಕ್ಕ.

ನಮ್ಮ ಮಗಳ ಎಕೋದಾಗ ಮೈಟ್ರಲ್ ಅನ್ನೋ ಹೃದಯದ ಎಡಗಡೆ ವಾಲ್ವ್ ಸ್ವಲ್ಪ ಲೀಕ್ ಐತಿ ಅಂತ ಬಂತು. ದೊಡ್ಡ ದವಾಖಾನಿಗೆ ಚೀಟಿ ಬರ್ದು ಅಡ್ಮಿಟ್ ಮಾಡ್ಸಿದ್ರು. ಅಲ್ಲಿ ಪೂರ್ತಿ ರೆಸ್ಟ್, ತೂಕದ ಲೆಕ್ಕದ ಮ್ಯಾಲ ಆಸ್ಪಿರಿನ್ ಗುಳಿಗಿ ಊಟ ಆದಮ್ಯಾಲ, ಕೆಲವು ವಾರ ಕೊಟ್ಟು ನಿಧಾನಕ ಕಡಿಮಿ ಮಾಡ್ಕೋತ ಬಂದ್ರು. ಎದಿ ಬಾವು ಭಾಳ ಇದ್ದ ಮಕ್ಕಳಿಗೆ ಸ್ಟೀರಾಯ್ಡ್ ಕೊಡ್ತಾರಂತ, ನಮಗ ಬೇಕಾಗ್ಲಿಲ್ಲ. ಆಸ್ಪಿರಿನ್ ನಿಮ್ಮಷ್ಟಕ್ಕ ನೀವು ಮೆಡಿಕಲ್‌ನಾಗ ತಂದು ಮಕ್ಕಳಿಗೆ ಕೊಡಾಕ ಹೋಗಬ್ಯಾಡ್ರಿ, ಮಕ್ಕಳಿಗೆ ಅದು ಎಲ್ಲಾ ಜ್ವರಕ್ಕ ಕೊಡೋ ಔಷಧ ಅಲ್ಲ, ಡಾಕ್ಟರು ನೋಡ್ಕೋತ ಕೊಡಬೇಕು. ಈ ಆಸ್ಪಿರಿನ್, ಸ್ಟೀರಾಯ್ಡ್ ಎಲ್ಲಾ ಬಾವು, ನೋವು ಇಳಸಾಕ ಅಷ್ಟ, ವಾಲ್ವಿಗೆ ಆದ ಗಾಯ ಅಳಿಸೋ ಔಷಧ ಇನ್ನೂ ಇಲ್ಲ. ಕೈಯಾಗ ಇರೂದು ಒಂದ, ಮತ್ತೊಮ್ಮೆ ಆ ಬ್ಯಾಕ್ಟೀರಿಯಾ ಗಂಟಲಿಗೆ ಬರದಂಗ ತಡಿಯೂದು. ಪ್ರತಿ ಸಲ ಮರಳಿ ಬಂದಾಗ ವಾಲ್ವ್ ಇನ್ನಷ್ಟು ಕೆಡ್ತೈತಿ. ತಡದ್ರ ಎಷ್ಟೋ ಮಕ್ಕಳ ಸಣ್ಣ ಲೀಕು ವರ್ಷ ಹೋದಂಗ ಕಡಿಮಿ ಆಗಿದ್ದೂ ಐತಿ.

ತಡಿಯೂದು ಈ ಸೂಜಿ. ಬೆಂಜಥಿನ್ ಪೆನಿಸಿಲಿನ್. ಫ್ಲೆಮಿಂಗ್ 1928ರಾಗ ಕಂಡ ಪೆನಿಸಿಲಿನ್ನಿನ ಮೊಮ್ಮಗ ಅನ್ರಿ, 1950ರ ದಶಕದಿಂದ ಬಳಕಿಯಾಗ ಐತಿ. ಸಾದಾ ಪೆನಿಸಿಲಿನ್ ಕೆಲವು ತಾಸಿನಾಗ ಮೈಯಿಂದ ಹೊರಗ ಹೋಗ್ತೈತಿ, ಇದು ಕುಂಡಿ ಸ್ನಾಯುವಿನಾಗ ಗಟ್ಟಿಯಾಗಿ ಕುಂತು ದಿನಾ ಒಂದಿಷ್ಟು ರಕ್ತಕ್ಕ ಬಿಡ್ತೈತಿ. ಮೂರು ವಾರ ದಾಟಿದಮ್ಯಾಲ ಅದರ ಬಲ ಕಡಿಮಿ ಆಗ್ತೈತಿ, ಅದಕ್ಕ ನಮ್ಮಂಥ ಈ ಜಡ್ಡು ಹೆಚ್ಚಿರೋ ದೇಶದಾಗ 21 ದಿನಕ್ಕೊಮ್ಮೆ ಕೊಡ್ತಾರ. ಮಗಳು ಸುರುವಾತಿಗೆ 24 ಕೆಜಿ ಇದ್ಲು, ಆಗ 6 ಲಕ್ಷ ಯುನಿಟ್, 27 ಕೆಜಿ ದಾಟಿದಮ್ಯಾಲ 12 ಲಕ್ಷ. ಎಷ್ಟು ವರ್ಷ ಅಂದ್ರ ಎದಿಗೆ ಏನೂ ಆಗಿಲ್ಲದ ಮಕ್ಕಳಿಗೆ ಕಡಿಮಿ ಅಂದ್ರ 5 ವರ್ಷ ಇಲ್ಲಾ 18 ತುಂಬೋತನಕ, ಯಾವುದು ದೊಡ್ಡದೋ ಅದು. ಸ್ವಲ್ಪ ಲೀಕ್ ಇದ್ದವ್ರಿಗೆ 10 ವರ್ಷ ಇಲ್ಲಾ 25 ವಯಸ್ಸಿನತನಕ. ವಾಲ್ವ್ ಭಾಳ ಕೆಟ್ಟವ್ರಿಗೆ, ಆಪರೇಷನ್ ಆದವ್ರಿಗೆ ಅದಕ್ಕಿಂತ ಉದ್ದ, ಕೆಲವರಿಗೆ ಜೀವನ ಪೂರ್ತಿ. ನಮ್ಮ ಮಗಳ ಲೆಕ್ಕ 25. ವರ್ಷಕ್ಕ 17 ಸೂಜಿ, 16 ವರ್ಷ. ಅವತ್ತು ಬಸ್ಸಿನಾಗ ನಾ ಈ ಲೆಕ್ಕ ಹಾಕಿ ಹೆಂಡ್ತಿಗೆ ಹೇಳ್ಲಿಲ್ಲ, ಮನಿಗೆ ಬಂದು ಊಟ ಆದಮ್ಯಾಲ ಹೇಳಿದೆ.

ಈಗ ಸೂಜಿ ಬಗ್ಗೆ ಖರೇ ಮಾತು. ಭಾಳ ನೋವಿನ ಸೂಜಿ ಇದು. ಕಲಸಿದ ಸುಣ್ಣ ಇದ್ದಂಗ ದಪ್ಪಗ ಬೆಳ್ಳಗ ಇರ್ತೈತಿ, ಸಣ್ಣ ಸೂಜಿಯಾಗ ಇಳಿಯಂಗಿಲ್ಲ, ಅಡ್ಡ ಕೂಡ್ತೈತಿ, ಒಂದೆರಡು ದಿನ ಆ ಕಡೆ ಮಗ್ಗಲು ಮಕ್ಕೊಳ್ಳಾಕ ಬರಂಗಿಲ್ಲ. ಎಷ್ಟೋ ಮಕ್ಕಳು ಬಿಡೂದು ಈ ನೋವಿಗೆ ಅಂಜಿ. ಅದಕ್ಕ ಯಾರು ಮಾಡ್ತಾರ, ಹೆಂಗ ಮಾಡ್ತಾರ ಅನ್ನೂದ ಎಲ್ಲಾ.

ಈ ದವಾಖಾನಿ ಸಿಸ್ಟರ್ ಹೆಂಗ ಮಾಡ್ತಾರ ಅಂತ ನಾ ಎಷ್ಟೋ ಸಲ ಪಕ್ಕಕ್ಕ ನಿಂತು ನೋಡೀನಿ. ಮೊದಲ ಮಗಳಿಗೆ ಕೇಳ್ತಾರ, ಊಟ ಮಾಡಿ ಬಂದೀಯಿಲ್ಲೊ, ನೀರು ಕುಡದೀಯಿಲ್ಲೊ. ಹೊಟ್ಟಿ ಹಸ್ಕೊಂಡು ಬಂದ್ರ ಕೆಳಗ ಕಳಿಸಿ ಬಿಸ್ಕಿಟ್ಟರ ತಿಂದು ಬಾ ಅಂತಾರ, ಹೆದರಿಕಿಗೆ ತಲಿ ತಿರುಗಿ ಬೀಳಬಾರ್ದು ಅಂತ. ಪುಡಿ ಇರೋ ವಯಲ್‌ಗೆ ನೀರು ಹಾಕಿ, ಡಾಕ್ಟರು ಹೇಳಿದಷ್ಟು ಲಿಗ್ನೊಕೇನ್ ಅನ್ನೋ ಜೋಮು ಹಿಡಿಸೋ ಔಷಧ ಕೂಡ್ಸಿ, ಎರಡೂ ಅಂಗೈ ನಡುವ ಆ ಬಾಟ್ಲಿ ಇಟ್ಟು ತಿಕ್ಕಿ ತಿಕ್ಕಿ ಹೊಳ್ಳಸ್ತಾರ. ನಮ್ಮ ಮನ್ಯಾಗ ಅವ್ವ ಕಂಡಿಕಿ ಸುತ್ತೋವಾಗ ಕೈ ಹೆಂಗ ಆಡ್ತಾವ ಹಂಗ, ಗಡಿಬಿಡಿ ಇಲ್ಲ, ನಿಂದ್ರೂದಿಲ್ಲ. ಔಷಧ ಮೈಯಷ್ಟ ಬೆಚ್ಚಗ ಆದ್ರ ನೋವು ಕಡಿಮಿ ಅಂತ. ಮಗಳನ್ನ ಬೋರಲ ಮಕ್ಕೊಳ್ಳಿಸಿ, ಕಾಲಿನ ಬೆರಳು ಒಳಗ ತಿರುವು ಅಂತಾರ, ಅಂದ್ರ ಸ್ನಾಯು ಸಡ್ಲ ಆಗ್ತೈತಿ. ಸೂಜಿ ಚುಚ್ಚೋ ಜಾಗಾದಾಗ ಹೆಬ್ಬಟ್ಟಿನಿಂದ ಹತ್ತು ಎಣಿಸೋತನಕ ಒತ್ತಿ ಹಿಡಿತಾರ. ಆಮ್ಯಾಲ ಸೂಜಿ. ಔಷಧ ತಳ್ಳಾಕ ಎರಡು ಮೂರು ನಿಮಿಷ ತಗೋತಾರ, ಅಷ್ಟು ನಿಧಾನ. ಆ ಹೊತ್ತಿನಾಗ ಮಗಳು ಮಗ್ಗಿ ಹೇಳಬೇಕು. ಮೊದಲ ವರ್ಷ ಏಳರ ಮಗ್ಗಿ ಅಳಕೋತ ಹೇಳ್ತಿದ್ಲು, ಈಗ ಹದಿನೇಳರ ಮಗ್ಗಿ ತಡವರಿಸದಂಗ ಹೇಳ್ತಾಳ, ಹದಿನೇಳ ಹತ್ಲೆ ನೂರಾಎಪ್ಪತ್ತು ಅನ್ನೋದ್ರಾಗ ಸೂಜಿ ಹೊರಗ ಬಂದಿರ್ತೈತಿ. ಹೋದ ಸಲ ಎಡಕ್ಕ ಮಾಡಿದ್ರ ಈ ಸಲ ಬಲಕ್ಕ, ಕಾರ್ಡಿನಾಗ ಬರ್ದಿರ್ತಾರ. ಮುಗದಮ್ಯಾಲ ಅರ್ಧಾ ತಾಸು ಕುಂದ್ರಸ್ತಾರ, ಎದ್ದು ಹೋಗಾಕ ಬಿಡಂಗಿಲ್ಲ, ಬಸ್ ತಪ್ಪತೈತಿ ಅಂದ್ರೂ ಬಿಡಂಗಿಲ್ಲ. ಅಲರ್ಜಿ ರಿಯಾಕ್ಷನ್ ಆದ್ರ ಕೊಡಾಕ ಪಕ್ಕದ ಟ್ರೇದಾಗ ಅಡ್ರಿನಲಿನ್ ತಯಾರ ಇರ್ತೈತಿ.

ಇದನ್ನ ಇಷ್ಟು ಉದ್ದ ಬರದದ್ದು ಯಾಕಂದ್ರ ಒಮ್ಮೆ ಇವರ ದವಾಖಾನಿ ಬಂದ್ ಇತ್ತು, ಬ್ಯಾರೆ ಕಡೆ ಹೋದ್ವಿ. ಮೊದಲಿನ ಎರಡು ಕಡೆ ಪೆನಿಸಿಲಿನ್ ಅಂದ ಕೂಡ್ಲೇ ರಿಯಾಕ್ಷನ್ ಆದ್ರ ಯಾರು ಜವಾಬ್ದಾರಿ ಅಂತ ಹಿಂದಕ್ಕ ಕಳ್ಸಿದ್ರು. ಮೂರನೇ ಕಡೆ ಒಪ್ಪಿದ್ರು, ಸಣ್ಣ ಸೂಜಿ ಹಾಕಿದ್ರು, ಔಷಧ ನಡುವ ಕಟ್ಟಿ ನಿಂತ್ಕೊಂತು, ಹೊರಗ ತಗದು ಮತ್ತ ಚುಚ್ಚಿದ್ರು, ಎರಡು ಸಲ, ಗಬಗಬ ತಳ್ಳಿದ್ರು. ಮಗಳು ಅವತ್ತು ಮಗ್ಗಿ ಹೇಳ್ಲಿಲ್ಲ, ನನ್ನ ಅಂಗಿ ಹಿಡ್ಕೊಂಡಾಕಿ ಬಸ್ ಇಳಿಯೋತನಕ ಬಿಡ್ಲಿಲ್ಲ. ಅಲ್ಲಿ ಸಿಸ್ಟರ್‌ಗೆ ಯಾರೂ ಕಲ್ಸಿಲ್ಲ ಅನ್ನೂದು ಕಾಣ್ತಿತ್ತು, ಅವರ ಮ್ಯಾಲ ಸಿಟ್ಟಿಲ್ಲ ನನಗ.

ರಿಯಾಕ್ಷನ್ ಹೆದರಿಕಿ ಪೂರ್ತಿ ಸುಳ್ಳಲ್ಲ, ಪೆನಿಸಿಲಿನ್ ಅಲರ್ಜಿ ಅನ್ನೂದು ಐತಿ, ಖರೇ ಅಲರ್ಜಿ ಇದ್ದವ್ರಿಗೆ ಬ್ಯಾರೆ ಗುಳಿಗಿ ಅದಾವ, ಎರಿಥ್ರೊಮೈಸಿನ್ ಅಂಥವು. ಆದ್ರ ಜೀವಕ್ಕ ಅಪಾಯ ಮಾಡೋ ಅಲರ್ಜಿ ಭಾಳ ಅಂದ್ರ ಭಾಳ ಅಪರೂಪ. ವಾಲ್ವ್ ಪೂರ್ತಿ ಕೆಟ್ಟು ಹೃದಯ ಸೋತವ್ರಿಗೆ ಸೂಜಿ ನೋವು ಹೆದರಿಕಿಯಿಂದನ ತ್ರಾಸ ಆಗಬಹುದು ಅಂತ ಅಂಥವ್ರಿಗೆ ಡಾಕ್ಟರು ಗುಳಿಗಿ ಕೊಡೂದೂ ಐತಂತ. ಹಂಗಂದ್ರ ಗುಳಿಗಿ ಎಲ್ಲಾರಿಗೂ ಸಾಕಲ್ಲ ಯಾಕ ಅಂದ್ರ, ಪೆನಿಸಿಲಿನ್ ಗುಳಿಗಿ ದಿನಕ್ಕ ಎರಡು ಸಲ, ವರ್ಷಗಟ್ಟಲೆ, ಒಂದು ದಿನಾನೂ ಮರೀದಂಗ ನುಂಗಬೇಕು. ಯಾವ ಮನ್ಯಾಗ ಆಗ್ತೈತ್ರಿ? ಸೂಜಿ ಆದ್ರ 21 ದಿನ ನಿಶ್ಚಿಂತಿ.

ನಾವೂ ಒಂದ್ಸಲ ತಪ್ಪಿದ್ವಿ, ಅದನ್ನೂ ಬರಿಬೇಕು. ಎರಡನೇ ವರ್ಷ ಬನಶಂಕರಿ ಜಾತ್ರಿ, ಮನಿ ತುಂಬ ಬೀಗರು, ಮಗ್ಗದ ಮ್ಯಾಲ ಮದವಿ ಆರ್ಡರು, ತಾರೀಖು ದಾಟಿ 9 ದಿನ ಆತು. ಮಗಳು ಆರಾಮ ಓಡ್ಯಾಡಾಕತ್ತಿದ್ಲು, ಆರಾಮ ಇರೋ ಕೂಸಿಗೆ ಸೂಜಿ ಯಾಕ ಅನ್ನೂದು ಎಲ್ಲಾರ ಮನಸಿನಾಗ ಬರ್ತೈತಿ, ನನ್ನ ಮನಸಿನಾಗೂ ಬಂತು. ಅಷ್ಟರಾಗ ದವಾಖಾನಿ ರಿಸೆಪ್ಷನ್ ಹುಡುಗನ ಫೋನ್ ಬಂತು, ಕಾಕಾ ತಂಗಿ ಯಾಕ ಬಂದಿಲ್ಲ ಅಂತ. ಅವರ ಹತ್ರ ಒಂದು ಉದ್ದನ ರಿಜಿಸ್ಟರ್ ಐತಿ, 21 ದಿನದವ್ರ ಹೆಸರೆಲ್ಲಾ ಅದರಾಗ, ಬರದವ್ರಿಗೆ ಕೆಂಪು ಪೆನ್ನಿನಾಗ ಗೆರಿ ಹಾಕಿ ಫೋನ್ ಹಚ್ತಾರ. ಮರುದಿನ ಮುಂಜಾನಿ ಮೊದಲ ಬಸ್ಸಿಗೆ ಹೋದ್ವಿ, ಅವತ್ತ ಮಗಳಿಗೆ ಸಣ್ಣಗ ಗಂಟಲ ಬ್ಯಾನಿ ಸುರು ಆಗಿತ್ತು. ಡಾಕ್ಟರು ಬೈಲಿಲ್ಲ. ಮೂರು ವಾರ ನಾ ದಿನಾ ರಾತ್ರಿ ಆಕಿ ಮೊಣಕಾಲು ಮುಟ್ಟಿ ನೋಡಿ ಮಕ್ಕೋತಿದ್ದೆ. ಏನೂ ಆಗ್ಲಿಲ್ಲ. ಮೂರನೇ ಸ್ಟಾರ್, ನಾಕನೇ ಸ್ಟಾರ್ ಎರಡೂ ಆ ರಿಜಿಸ್ಟರಿಗೆ. ದೊಡ್ಡ ಮಷೀನ್ ಇರೋ ದವಾಖಾನಿ ಭಾಳ ಅದಾವ, ನಿಮ್ಮ ಕೂಸು ಬಂದಿಲ್ಲ ಅಂತ ಗೊತ್ತಾಗೋ ದವಾಖಾನಿ ಕಡಿಮಿ.

ಕಾಯೋ ಬೆಂಚಿನ ಮ್ಯಾಲ ಕಲ್ತಿದ್ದೂ ಭಾಳ ಐತಿ. ಒಂದು ಹುಡುಗಿ ಬರ್ತಿತ್ತು, ಹತ್ತು ಹನ್ನೊಂದು ವರ್ಷ ಇರಬೇಕು, ಕೈ ತಾನಾಗಿ ಜಗ್ಗತಿತ್ತು, ಮಾರಿ ಸೊಟ್ಟ ಆಗ್ತಿತ್ತು, ನೀರಿನ ಲೋಟ ಕೈಯಾಗ ನಿಲ್ತಿದ್ದಿಲ್ಲ. ಸಾಲ್ಯಾಗ ಅಕ್ಷರ ಕೆಟ್ಟಾವ, ಬೇಕಂತ ಮಾಡ್ತಾಳ ಅಂತ ತಿಂಗಳಗಟ್ಟಲೆ ಬೈಸ್ಕೊಂಡಿತ್ತಂತ, ಮನ್ಯಾಗ ಗಾಳಿ ಅಂತ ಗುಡಿ ಗುಡಿ ತಿರುಗಿದ್ರಂತ. ಅದೂ ಇದ ಜಡ್ಡು, ಮೆದುಳಿಗೆ ಬಂದ ರೂಪ, ಸಿಡೆನ್‌ಹ್ಯಾಮ್ ಕೊರಿಯಾ ಅಂತಾರ, 17ನೇ ಶತಮಾನದಾಗ ಇಂಗ್ಲೆಂಡಿನ ಸಿಡೆನ್‌ಹ್ಯಾಮ್ ಅನ್ನೋ ವೈದ್ಯರು ಬರ್ದಿಟ್ಟಿದ್ದಕ್ಕ ಅವರ ಹೆಸರು. ಹುಡುಗಿಯರಿಗೆ ಹೆಚ್ಚು ಬರ್ತೈತಿ, ಗಂಟಲ ಬ್ಯಾನಿ ಆಗಿ ತಿಂಗಳಗಟ್ಟಲೆ ಬಿಟ್ಟು ಬರೂದರಿಂದ ಯಾರಿಗೂ ಹೊಳಿಯಂಗಿಲ್ಲ. ನಿದ್ದಿ ಹತ್ತಿದ್ರ ಕೈ ಸುಮ್ಮನ ಆಗ್ತಾವ. ಆ ಹುಡುಗಿ ಕೆಲವು ತಿಂಗಳಿನಾಗ ಪೂರ್ತಿ ಆರಾಮಾದ್ಲು, ಈಗ ಸೂಜಿಗೆ ಬರ್ತಾಳ, ಚಂದ ರಂಗೋಲಿ ಹಾಕ್ತಾಳ, ಮೊಬೈಲಿನಾಗ ನನ್ನ ಮಗಳಿಗೆ ತೋರಸ್ತಿರ್ತಾಳ.

ಮುಧೋಳ ಕಡೆಯ ಒಬ್ಬ ತಾಯಿ ತನ್ನ ಮಗನ್ನ ಕರ್ಕೊಂಡು ಬರ್ತಾರ, ಮಾತು ಬಂದಾಗ ಹೇಳಿದ್ರು, ತನಗೂ ಸಣ್ಣಾಕಿ ಇದ್ದಾಗ ಕೀಲು ಬಾತಿದ್ವು, ಯಾರೂ ಸೂಜಿ ಹೇಳ್ಲಿಲ್ಲ, ಮೊದಲ ಬಸುರಿನಾಗ ಐದನೇ ತಿಂಗಳಿಗೆ ದಮ್ಮು ಹತ್ತಿ ಮಕ್ಕೊಳ್ಳಾಕ ಆಗದಂಗ ಆದಾಗ ಮೈಟ್ರಲ್ ವಾಲ್ವ್ ಇಕ್ಕಟ್ಟಾಗೈತಿ ಅಂತ ಗೊತ್ತಾತಂತ. ಬಸುರಿನಾಗ ರಕ್ತದ ಹರಿವು ಹೆಚ್ಚಾಗ್ತೈತಿ, ಮುಚ್ಚಿದ ಬಾಗಲಾ ಆಗ ಗೊತ್ತಾಗ್ತೈತಿ. ಬೆಂಗಳೂರಿನ ಜಯದೇವದಾಗ ತೊಡಿ ರಕ್ತನಾಳದಿಂದ ಬಲೂನ್ ಹಾಕಿ ವಾಲ್ವ್ ಅಗಲ ಮಾಡಿದ್ರಂತ, ಎದಿ ಕೊಯ್ಯದಂಗ. ಆ ಬಲೂನ್ ಕಂಡುಹಿಡದಾವ್ರು ಜಪಾನಿನ ಇನೌಯೆ ಅನ್ನೋ ಡಾಕ್ಟರು. ಎಲ್ಲಾ ವಾಲ್ವಿಗೂ ಬಲೂನ್ ನಡಿಯಂಗಿಲ್ಲ, ಭಾಳ ಲೀಕ್ ಇದ್ರ, ಸುಣ್ಣ ಕಟ್ಟಿದ್ರ ಆಪರೇಷನ್ ಮಾಡಿ ವಾಲ್ವ್ ಬದಲಿ ಮಾಡ್ಬೇಕು. ಲೋಹದ ವಾಲ್ವ್ ಹಾಕಿದ್ರ ರಕ್ತ ತೆಳ್ಳಗ ಮಾಡೋ ಗುಳಿಗಿ ದಿನಾ, ರಕ್ತ ಎಷ್ಟು ತೆಳ್ಳಗೈತಿ ಅಂತ ನೋಡೋ ಐಎನ್‌ಆರ್ ಟೆಸ್ಟ್ ಆಗಾಗ, ಜೀವನ ಪೂರ್ತಿ. ನಮ್ಮ ದೇಶದಾಗ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ 1990ರಾಗ ಇಲ್ಲಿಯದ ವಾಲ್ವ್ ತಯಾರ ಮಾಡಿ ಹಾಕಿದ್ರು, ಹೊರದೇಶದ ವಾಲ್ವಿಗಿಂತ ಅಗ್ಗ, ಎಷ್ಟೋ ಬಡವರ ಜೀವ ಉಳಸೈತಿ. ಆ ತಾಯಿ ಮಾತು ಕೇಳಿದ ದಿನ ನನ್ನ ಮಗಳು ನೋವು ಅಂತ ಅಳಲಿಲ್ಲ.

ಖರ್ಚಿನ ವಿಷಯ. ಔಷಧಕ್ಕ ಕೊಡೂದು ನಮ್ಮ ಬಸ್ ಚಾರ್ಜಿಗಿಂತ ಕಡಿಮಿ. 2023ರಾಗ ಶಕ್ತಿ ಯೋಜನಾ ಬಂದಮ್ಯಾಲ ಮಗಳಿಗೂ ಹೆಂಡ್ತಿಗೂ ಟಿಕೆಟ್ ಇಲ್ಲ, ಹಂಗಾಗಿ ಈಗೀಗ ಆಕಿನ ಕರ್ಕೊಂಡು ಹೋಗ್ತಾಳ, ನಾ ಮಗ್ಗ ಬಿಟ್ಟು ಹೋಗೂದು ಕಡಿಮಿ ಆಗೈತಿ. ಇಷ್ಟು ಅಗ್ಗ ಇರೂದ ಒಂದು ತೊಂದ್ರೆನೂ ಹೌದು, ಕಂಪನಿಗಳಿಗೆ ಲಾಭ ಇಲ್ಲ, ಜಗತ್ತಿನಾಗ ಎಷ್ಟೋ ದೇಶದಾಗ ಈ ಸೂಜಿ ಸ್ಟಾಕ್ ಇಲ್ಲದಂಗ ಆಗೈತಿ, ಮೆಡಿಕಲ್‌ನವರೂ ಇಡಾಕ ಮನಸು ಮಾಡಂಗಿಲ್ಲ. ಈ ದವಾಖಾನಿ ಕೆಳಗಿನ ಅಂಗಡಿಯವರು ಮುಂದಿನ ತಿಂಗಳದ್ದು ಮೊದಲ ತರಸಿಟ್ಟಿರ್ತಾರ. ಎದಿ ಆಪರೇಷನ್ ಮಟ್ಟಕ್ಕ ಹೋದವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕಾರ್ಡಿಗೆ ವರ್ಷಕ್ಕ 5 ಲಕ್ಷದತನಕ ಐತಿ. ಸಾಲಿ, ಅಂಗನವಾಡಿಗೆ ಬರೋ ಆರ್‌ಬಿಎಸ್‌ಕೆ ಅನ್ನೋ ಸರ್ಕಾರಿ ಮಕ್ಕಳ ಆರೋಗ್ಯ ತಪಾಸಣಿ ತಂಡದವರು ಮಕ್ಕಳ ಎದಿ ನೋಡ್ತಾರಲ್ಲ, ಅವರ ಪಟ್ಟಿಯಾಗ ಈ ಹೃದಯದ ಜಡ್ಡೂ ಐತಿ, ಅವರು ಬಂದ ದಿನ ಮಕ್ಕಳನ್ನ ತಪ್ಪಿಸಬ್ಯಾಡ್ರಿ.

ಐದನೇ ಸ್ಟಾರ್ ನಾ ಕೊಡಂಗಿಲ್ಲ, ಕಾರಣ ಮೆಟ್ಲ. ಎದಿ ಜಡ್ಡಿನವ್ರು ಬರೋ ದವಾಖಾನಿ ಮೊದಲ ಮಹಡಿ ಮ್ಯಾಲ, ಲಿಫ್ಟ್ ಇಲ್ಲ, ಒಂದು ಸಲ ನಿಲ್ಲಾಕ ನಡುವ ಕುರ್ಚಿನೂ ಇಲ್ಲ. ನಾಕು ಸಲ ಹೇಳೀನಿ, ಮಾಲಕರಿಗೆ ಹೇಳ್ತೀವಿ ಅಂತಾರ. ಸೋಮವಾರ ಗದ್ದಲ ಭಾಳ, ಕುಡಿಯೋ ನೀರಿನ ಫಿಲ್ಟರ್ ಕೆಟ್ಟು ಎಷ್ಟೋ ತಿಂಗಳಾತು. ಮಂಗಳವಾರ, ಗುರುವಾರ ಹೋಗ್ರಿ.

ಮತ್ತ ಇದು ದವಾಖಾನಿಗೆ ಸಂಬಂಧ ಇಲ್ಲ, ಆದ್ರೂ ಹೇಳ್ತೀನಿ. ನಮ್ಮ ಬೀಗರೊಳಗ ಹಿರೇರು ಒಬ್ರು ಅಂದ್ರು, ಹೆಣ್ಣುಕೂಸು, ಎದಿ ಜಡ್ಡು ಅಂತ ಹೊರಗ ಹೇಳಬ್ಯಾಡ್ರಿ, ನಾಳೆ ಮದವಿಗೆ ತೊಂದ್ರಿ ಅಂತ. ನಾ ಸಾಲಿ ಅಕ್ಕೋರಿಗೆ ಹೇಳೀನಿ, ಹಲ್ಲಿನ ಡಾಕ್ಟರಿಗೆ ಹೇಳೀನಿ, ಹಲ್ಲು ಕೀಳೋ ಮುಂಚೆ ವಾಲ್ವಿನ ವಿಷಯ ಗೊತ್ತಿರಬೇಕು, ಓಣಿಯವ್ರಿಗೂ ಹೇಳೀನಿ. ಯಾಕಂದ್ರ ಈ ಜ್ವರ ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ, ಆದ್ರ ಆ ಗಂಟಲ ಸೋಂಕು ಹತ್ತತೈತಿ, ಒಂದ ಖೋಲಿಯಾಗ ಮಗ್ಗಾನೂ ಮಕ್ಕಳೂ ಹಾಸ್ಗಿನೂ ಇರೋ ನಮ್ಮಂಥ ಮನ್ಯಾಗ ಲಗೂನ ಹತ್ತತೈತಿ. ಮಕ್ಕಳಿಗೆ ಜ್ವರ, ಗಂಟಲ ಕೆಂಪ, ಬಿಳಿ ಚುಕ್ಕಿ, ಕುತ್ತಿಗಿ ಗಂಟು ನೋವು, ಕೆಮ್ಮು ಮಾತ್ರ ಇಲ್ಲ ಅಂದ್ರ ಡಾಕ್ಟರಿಗೆ ತೋರಸ್ರಿ. ಸ್ಟ್ರೆಪ್ ಅಂತ ಆದ್ರ ಸುರು ಆಗಿ 9 ದಿನದೊಳಗ ಪೆನಿಸಿಲಿನ್ ಸುರು ಮಾಡಿದ್ರೂ ಈ ಜ್ವರ ತಡೀಬಹುದು. ಒಂದ ಸೂಜಿ, ಇಲ್ಲಾ 10 ದಿನ ಗುಳಿಗಿ, ಮೂರನೇ ದಿನ ಆರಾಮಾತು ಅಂತ ನಿಲ್ಸಬಾರ್ದು. ನಮ್ಮ ಮಗಳಿಗೆ ಆ ಒಂದು ಸೂಜಿ ಅವತ್ತ ಆಗಿದ್ರ ಉಳಿದ ಇವೆಲ್ಲಾ ಬೇಕಾಗ್ತಿದ್ದಿಲ್ಲ, ಈಗ ಓಣಿಯಾಗ ಯಾರ ಕೂಸಿಗೆ ಗಂಟಲ ನೋವಂದ್ರೂ ನಮ್ಮವ್ವನ ಮೊದಲ ಹೋಗಿ ಬಾಯಿ ತೆಗಿಸಿ ಬ್ಯಾಟ್ರಿ ಹಾಕಿ ನೋಡ್ತಾಳ.

ಹೋದ ತಿಂಗಳು ಎಕೋ ಆತು. ಡಾಕ್ಟರು ಹಳೇ ರಿಪೋರ್ಟ್ ಹೊಸಾ ರಿಪೋರ್ಟ್ ಎರಡೂ ಟೇಬಲ್ ಮ್ಯಾಲ ಬಾಜೂಬಾಜು ಇಟ್ಟು ನೋಡಿದ್ರು. ಲೀಕ್ ಮೊದಲಿಗಿಂತ ಸಣ್ಣದಾಗೈತಿ ಅಂದ್ರು. ಹಂಗಾರ ಸೂಜಿ ನಿಲ್ಸಬಹುದೇನ್ರಿ ಅಂತ ಹೆಂಡ್ತಿ ಕೇಳಿದ್ಲು. ಸೂಜಿ ಮಾಡ್ಸಿದ್ದಕ್ಕ ಸಣ್ಣದಾಗೈತ್ರಿ ತಾಯಿ ಅಂದ್ರು. ಮಗಳು ಈಗ 13, ಸಾಲ್ಯಾಗ ಖೋ ಖೋ ಆಡಾಕ ಡಾಕ್ಟರು ಹೂಂ ಅಂದಾರ. 69ನೇದು ಬರೋ ಗುರುವಾರ, ಕಾರ್ಡಿನಾಗ ಬರದಾರ, ಎಡಕ್ಕ.